ಸೈಲೆನ್ಸರ್ ಹಿಂದೆ ತಾಗಿದರೆ ತಪ್ಪು ಮುಂದಿದೆ

ಮಾನ್ಯ ಸಂಪಾದಕರೇ,

ಕಾರಿನ ಮೂಲ ಸೈಲೆನ್ಸರ್ ತೆಗೆದು ಬೇರೆ ತಯಾರಕರ ಎಕ್ಸಾಸ್ಟ್ (ಹೊಗೆ ಕೊಳವೆ) ಹಾಕಿಕೊಳ್ಳುವ ಕುರಿತು ವಾಹನ ಪುಟಗಳಲ್ಲಿ ಬರುವ ಬರಹಗಳು ಬಹುಪಾಲು ಸದ್ದು ಮತ್ತು ಶಕ್ತಿ ಎಂಬ ಎರಡೇ ಸಂಗತಿಗಳ ಸುತ್ತ ಸುಳಿಯುತ್ತವೆ. ತಂದ ಕೊಳವೆ ಕಾರಿನಡಿಯಲ್ಲಿ ನೆಟ್ಟಗೆ ಕೂರದೇ ಹೋದರೆ ಏನು ಮಾಡಬೇಕೆಂಬುದು ಅವುಗಳಲ್ಲಿ ಅಪರೂಪ. ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುವವರಿಗೆ ಎದುರಾಗುವ ಮುಖ್ಯ ತೊಡಕು ಅದೇ ಆಗಿರುವುದರಿಂದ, ಸ್ಪ್ಯಾನರ್ ಹಿಡಿದು ಕಾರಿನಡಿ ಮಲಗುವ ಅಭ್ಯಾಸವಿರುವ ಓದುಗನಾಗಿ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯ ಮೇಲೆ 'ನೇರವಾಗಿ ಅಳವಡಿಸಬಹುದು' ಎಂದು ಅಚ್ಚಾಗಿರುವ ಮಾತನ್ನು ಅಕ್ಷರಶಃ ನಂಬುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ. ಒಂದೇ ಮಾದರಿಯ ಕಾರಿನಲ್ಲೂ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್ ಬದಲಾದರೆ ಕೊಳವೆ ಹಾಯುವ ಜಾಗವೂ ಬದಲಾಗಬಹುದು. ಬೆಸುಗೆಯ ಕಾವಿಗೆ ಕೊಳವೆ ತುಸು ಸೊಟ್ಟಗಾಗಿರಬಹುದು. ಇನ್ನೊಂದು ಬದಿಯಲ್ಲಿ ಕಾರಿಗೂ ವಯಸ್ಸಾಗಿರುತ್ತದೆ. ಎಂಜಿನ್ನನ್ನು ಹೊತ್ತ ಮೌಂಟಿಂಗ್ ಕುಸಿದಿದ್ದರೆ, ಸೈಲೆನ್ಸರ್ ತೂಗುವ ರಬ್ಬರ್ ಬಳೆಗಳು ಜೋತುಬಿದ್ದಿದ್ದರೆ, ಅಳತೆಗೆ ಸರಿಯಾಗಿ ತಯಾರಾದ ಕೊಳವೆಯೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ತಯಾರಕರನ್ನು ಬೈಯುವ ಮುನ್ನ ಹಳೆಯ ರಬ್ಬರುಗಳನ್ನು ಬದಲಿಸಿ ನೋಡುವುದು ಒಳ್ಳೆಯದು. ಹೊಸ ರಬ್ಬರನ್ನು ಕಂಬಿಗೆ ತೂರಿಸಲು ಸೋಪಿನ ನೀರು ಸಾಕು. ಎಂಜಿನ್ ಆಯಿಲ್ ಅಥವಾ ಗ್ರೀಸ್ ಸವರಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನು: ಎಕ್ಸಾಸ್ಟ್ ಎಲ್ಲಿ ತಾಗುತ್ತದೆಯೋ ಅಲ್ಲಿ ಸಾಮಾನ್ಯವಾಗಿ ತಪ್ಪಿರುವುದಿಲ್ಲ. ಮುಂದಿನ ಫ್ಲೇಂಜಿನಲ್ಲಿ, ಅಂದರೆ ಬೋಲ್ಟು ಹಾಕಿ ಕೂಡಿಸುವ ಚಪ್ಪಟೆ ಅಂಚಿನಲ್ಲಿ, ಕೊಳವೆ ಒಂದೇ ಒಂದು ಡಿಗ್ರಿ ವಾರೆಯಾದರೆ ಎರಡು ಮೀಟರ್ ಹಿಂದಕ್ಕೆ ಹೋಗುವಷ್ಟರಲ್ಲಿ ಅದು ಸುಮಾರು 35 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಗೋಡೆಯ ಮೊದಲ ವರಸೆ ವಾಲಿದರೆ ಮೇಲಿನ ವರಸೆಗಳಲ್ಲಿ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲವಷ್ಟೆ. ಹಾಗಿದ್ದರೂ ಬಂಪರಿಗೆ ತುದಿ ತಾಗುತ್ತಿದೆಯೆಂದು ಕೊಳವೆಯನ್ನು ತೂಗುವ ಕೊನೆಯ ಹ್ಯಾಂಗರನ್ನೇ ಸುತ್ತಿಗೆಯಿಂದ ಬಡಿದು ಬಗ್ಗಿಸುವವರೇ ಹೆಚ್ಚು. ಹಾಗೆ ಎಳೆದು ಕೂರಿಸಿದ ಕೊಳವೆಯ ಬಿಗಿತ ಎಲ್ಲಿಗೂ ಹೋಗುವುದಿಲ್ಲ. ಅದು ಜೋಡಣೆಯ ಸಂದು ಮುಚ್ಚುವ ಗ್ಯಾಸ್ಕೆಟಿನ ಮೇಲೆ, ಬೆಸುಗೆಯ ಮೇಲೆ, ಕೊನೆಗೆ ಫ್ಲೆಕ್ಸ್ ಪೈಪಿನ ಮೇಲೆ ಬಿದ್ದು ನಿಧಾನವಾಗಿ ಬಿರುಕು ಬಿಡಿಸುತ್ತದೆ. ಎಂಜಿನ್ ಅಲುಗಾಟ ತಡೆದುಕೊಳ್ಳಲೆಂದು ಇಟ್ಟ ಆ ಹೆಣಿಗೆ ಕೊಳವೆಯನ್ನು ವಾರೆ ಜೋಡಣೆ ಸರಿದೂಗಿಸಲು ಬಳಸುವುದು ಕಾರಿನಡಿಯ ಕೆಲಸದಲ್ಲೇ ಅತ್ಯಂತ ಕೆಟ್ಟ ಅಭ್ಯಾಸವೆಂದು ನನ್ನ ಅಭಿಪ್ರಾಯ.

ಸರಿಯಾದ ಕ್ರಮ ನಿಧಾನದ್ದು, ಆದರೆ ಕಷ್ಟದ್ದಲ್ಲ. ಎಲ್ಲ ತುಂಡುಗಳನ್ನೂ ಜೋಡಿಸಿ, ಎಲ್ಲ ನಟ್ಟುಗಳನ್ನೂ ಬೆರಳಿನಿಂದ ತಿರುಗಿಸುವಷ್ಟೇ ಬಿಗಿಮಾಡಿ, ರಬ್ಬರುಗಳಿಗೆ ತೂಗುಹಾಕಿ, ಭಾರವಾದ ಸೈಲೆನ್ಸರಿನ ಕೆಳಗೆ ಮರದ ತುಂಡಿನ ಆಸರೆ ಕೊಟ್ಟು, ಒಂದೊಂದು ಜೋಡಣೆಯನ್ನೂ ತುಸು ತುಸು ತಿರುಗಿಸುತ್ತ ಇಡೀ ಕೊಳವೆ ತಾನಾಗಿ ನಿಲ್ಲುವ ಜಾಗವನ್ನು ಮೊದಲು ಕಂಡುಕೊಳ್ಳಬೇಕು. ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಮಾಡುತ್ತ ಬರಬೇಕು. ಫ್ಲೇಂಜಿನ ಮುಖದಲ್ಲಿ ಹಳೆಯ ಗ್ಯಾಸ್ಕೆಟಿನ ಚೂರು ಉಳಿದಿದ್ದರೆ ಅಷ್ಟಕ್ಕೇ ಆ ಒಂದು ಡಿಗ್ರಿಯ ವಾರೆ ಬಂದುಬಿಡಬಹುದಾದ್ದರಿಂದ, ಕೆರೆದು ಶುಚಿಮಾಡಿ, ಉಕ್ಕಿನ ಅಳತೆಪಟ್ಟಿ ಇಟ್ಟು ಮುಖ ಸಮತಟ್ಟಾಗಿದೆಯೇ ಎಂದು ನೋಡಿ, ಹೊಸ ಗ್ಯಾಸ್ಕೆಟ್ ಹಾಕಬೇಕು. ಬೋಲ್ಟಿನ ರಂಧ್ರ ಎರಡು ಮೂರು ಮಿಲಿಮೀಟರ್ ತಪ್ಪಿದ್ದರೆ ಅರದಿಂದ ಉಜ್ಜಿ ಉದ್ದಮಾಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಆ ವಸ್ತುವನ್ನು ಮಾರಿದವರಿಗೇ ಮರಳಿಸುವುದು ವಿವೇಕ. ಸ್ಪ್ರಿಂಗ್ ಇರುವ ಬೋಲ್ಟುಗಳ ಜಾಗದಲ್ಲಿ ಸಾದಾ ಬೋಲ್ಟು ಹಾಕಿ ಬಿಗಿದುಬಿಡುವವರೂ ಇದ್ದಾರೆ. ಆ ಜೋಡಣೆ ಅಲುಗಲೆಂದೇ ಸ್ಪ್ರಿಂಗ್ ಇಟ್ಟಿರುತ್ತಾರೆ ಎಂಬುದನ್ನು ಅವರು ಗಮನಿಸುವುದಿಲ್ಲ.

ತಣ್ಣಗಿರುವಾಗ ಚೆನ್ನಾಗಿ ಕೂತ ಕೊಳವೆ ಕಾದ ಮೇಲೆ ತಾಗುವುದಕ್ಕೂ ಕಾರಣ ಸ್ಪಷ್ಟವಿದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಎರಡು ಮೀಟರ್ ಕೊಳವೆ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಸುಮಾರು 10 ಮಿಲಿಮೀಟರ್ ಉದ್ದವಾಗುತ್ತದೆ. ಮುಂದಿನ ತುದಿ ಎಂಜಿನ್ನಿಗೆ ಬಿಗಿದಿರುವುದರಿಂದ ಈ ಬೆಳವಣಿಗೆಯೆಲ್ಲ ಹಿಂದಕ್ಕೇ ಹೋಗಬೇಕು. ಆದ್ದರಿಂದ ತಣ್ಣಗಿರುವಾಗಲೇ ಕೊಳವೆಯ ಬಾಯಿಗೂ ಬಂಪರಿಗೂ ನಡುವೆ ಧಾರಾಳ ಜಾಗ ಬಿಟ್ಟಿರಬೇಕು, ಹಿಂದಿನ ರಬ್ಬರುಗಳು ಮೊದಲೇ ಹಿಂದಕ್ಕೆ ಎಳೆದುಕೊಂಡಿರಬಾರದು. ಇದಕ್ಕಿಂತ ಸುಲಭವಾಗಿ ಕಣ್ತಪ್ಪುವ ಸಂಗತಿ ಇನ್ನೊಂದಿದೆ. ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗ ಚಕ್ರಗಳು ಜೋತುಬಿದ್ದು ಆ್ಯಕ್ಸಲ್ ಕೆಳಗಿಳಿದಿರುತ್ತದೆ; ಆಗ ಆ್ಯಕ್ಸಲಿನ ಮೇಲೆ ಹಾಯುವ ಕೊಳವೆಗೆ ಬೇಕಾದಷ್ಟು ಜಾಗ ಇರುವಂತೆ ತೋರುತ್ತದೆ. ಚಕ್ರ ನೆಲಕ್ಕೆ ಊರಿ, ಹಿಂದಿನ ಆಸನದಲ್ಲಿ ಜನ ಕೂತು, ಹಳ್ಳ ಸಿಕ್ಕಾಗಲೇ ಅಸಲು ಜಾಗ ಎಷ್ಟೆಂದು ತಿಳಿಯುವುದು. ಎಲ್ಲಿ ತಾಗುತ್ತಿದೆ ಎಂದು ಗೊತ್ತಾಗದಿದ್ದರೆ ಅನುಮಾನವಿರುವ ಜಾಗಕ್ಕೆ ಸೀಮೆಸುಣ್ಣ ಬಳಿದು ಓಡಿಸಿ, ಕೊಳವೆ ಆರಿದ ಮೇಲೆ ಅಳಿಸಿಹೋದ ಗುರುತು ಹುಡುಕಬಹುದು.

ವ್ಯಾಸದ ಗೊಂದಲವೂ ಸಾಮಾನ್ಯ. ಒಬ್ಬ ತಯಾರಕ ಅಂಗುಲದಲ್ಲಿ, ಇನ್ನೊಬ್ಬ ಮಿಲಿಮೀಟರಿನಲ್ಲಿ ಅಳೆಯುತ್ತಾನೆ. ಎರಡೂವರೆ ಅಂಗುಲದ ಕೊಳವೆಯ ಹೊರವ್ಯಾಸ 63.5 ಮಿಲಿಮೀಟರ್, ಗೋಡೆ ಒಂದೂವರೆ ಮಿಲಿಮೀಟರ್ ದಪ್ಪವಿದ್ದರೆ ಒಳವ್ಯಾಸ 60.5. ಅದರೊಳಗೆ 60 ಮಿಲಿಮೀಟರಿನ ಕೊಳವೆ ಹಿತವಾಗಿ ಕೂರುತ್ತದೆ, ಆದರೆ ಎರಡೂಕಾಲು ಅಂಗುಲದ್ದು, ಅಂದರೆ 57 ಮಿಲಿಮೀಟರಿನದು, ಗಲಗಲ ಅಲ್ಲಾಡುತ್ತದೆ. ಅಷ್ಟು ಅಂತರವನ್ನು ಯಾವ ಕ್ಲ್ಯಾಂಪಿನಿಂದಲೂ ಮುಚ್ಚಲಾಗದು. ಅಳತೆಗೆ ತಕ್ಕ ನಡುತುಂಡನ್ನೇ ಹಾಕಬೇಕು. ಯು ಆಕಾರದ ಕ್ಲ್ಯಾಂಪನ್ನು ಮಿತಿಮೀರಿ ಬಿಗಿದರೆ ಕೊಳವೆ ನಜ್ಜಾಗಿ ಮುಂದೆಂದೂ ಬಿಡಿಸಲು ಬರುವುದಿಲ್ಲ, ಅಗಲ ಪಟ್ಟಿಯ ಕ್ಲ್ಯಾಂಪ್ ಅದಕ್ಕಿಂತ ಎಷ್ಟೋ ವಾಸಿ.

ಜೋಡಣೆ ಮುಗಿದ ಮೇಲೆ ತಣ್ಣನೆಯ ಎಂಜಿನ್ ಚಾಲೂ ಮಾಡಿದಾಗ ಟಿಕ್ ಟಿಕ್ ಸದ್ದು ಕೇಳಿ, ಬಿಸಿಯಾದಂತೆ ಅದು ಅಡಗಿದರೆ, ಯಾವುದೋ ಜೋಡಣೆಯಲ್ಲಿ ಸೋರಿಕೆ ಇದೆಯೆಂದು ಅನುಮಾನಿಸಬೇಕು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮುಂದೆ, ಅಂದರೆ ಎಂಜಿನ್ ಕಡೆಗೆ, ಸೋರಿದರೆ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಂಡು ಸೆನ್ಸರ್ ತಪ್ಪು ಹೇಳುತ್ತದೆ. ಎಂಜಿನ್ ಕಂಪ್ಯೂಟರ್ ಅದನ್ನು ನಂಬಿ ಹೆಚ್ಚು ಇಂಧನ ಸುರಿಯುತ್ತದೆ. ಸೋರಿದ ಹೊಗೆ ಕಾರಿನೊಳಗೂ ಬರಬಹುದು, ಮತ್ತು ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ಈ ಪರೀಕ್ಷೆಯನ್ನು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾಡಲೇಬಾರದು, ಜಾಕಿನ ಆಧಾರವೊಂದನ್ನೇ ನಂಬಿ ಕಾರಿನಡಿಗೆ ನುಸುಳಲೂಬಾರದು. ಕೊಳವೆ ಕಾರಿನಲ್ಲಿರುವಾಗಲೇ ಇಂಧನ ಟ್ಯಾಂಕಿನ ಪಕ್ಕದಲ್ಲಿ ವೆಲ್ಡಿಂಗ್ ಮಾಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಬಿಚ್ಚಿ ಹೊರಗೆ ತಂದು ಬೆಸೆಯುವುದಕ್ಕೆ ಎಷ್ಟು ಹೊತ್ತು ಬೇಕು?

ಇನ್ನು ಕಾರಿನೊಳಗೆ ಕೇಳುವ ಗುಂಯ್‌ಗುಡುವ ಸದ್ದಿನ ವಿಷಯ. ಜೋಡಣೆಯಲ್ಲಿ ಏನೂ ದೋಷವಿಲ್ಲದಿದ್ದರೂ ಒಂದು ನಿರ್ದಿಷ್ಟ ವೇಗದಲ್ಲಿ ಕಿವಿ ತುಂಬಿಕೊಳ್ಳುವಂಥ ಸದ್ದು ಬರುವುದುಂಟು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತುವಾಗ ಸೆಕೆಂಡಿಗೆ 100 ಬಾರಿ ಹೊಗೆ ಹೊರದೂಡುತ್ತದೆ. ಆ 100 ಹರ್ಟ್ಸ್ ಕೊಳವೆಯ ಸಹಜ ಅನುರಣನಕ್ಕೆ ಹೊಂದಿಕೊಂಡರೆ ತೊಂದರೆ ಶುರು. ಇದಕ್ಕೆ ತುದಿ ಮುಚ್ಚಿದ ಪಕ್ಕದ ಕೊಳವೆಯೊಂದನ್ನು ಬೆಸೆಯುವುದು ಬಲ್ಲವರ ಪರಿಹಾರ. ಅದರ ಉದ್ದ ಅಲೆಯುದ್ದದ ಕಾಲುಭಾಗ ಇರಬೇಕು. ಹೊರಗಿನ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಲೆಕ್ಕ ಹಾಕಿದರೆ ಉದ್ದ 86 ಸೆಂಟಿಮೀಟರ್ ಬರುತ್ತದೆ, ಆದರೆ 300 ಡಿಗ್ರಿ ಬಿಸಿಯ ಹೊಗೆಯಲ್ಲಿ ಆ ವೇಗ 480 ಮೀಟರಿನಷ್ಟಿದ್ದು ಬೇಕಾಗುವ ಉದ್ದ 1.2 ಮೀಟರ್. ಪಕ್ಕದ ಕೊಳವೆ ಹಾಕಿದರೂ ಸದ್ದು ಹೋಗಲಿಲ್ಲ ಎನ್ನುವವರಲ್ಲಿ ಕೆಲವರು ಬಿಸಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಇಷ್ಟನ್ನೆಲ್ಲ ಓದಿ, ಗ್ಯಾರೇಜಿಗೆ ಒಪ್ಪಿಸಿದರಾಯಿತಲ್ಲ ಎಂದು ಕೆಲವರಿಗೆ ಅನಿಸಬಹುದು. ಬೆಸುಗೆಯ ಕೆಲಸವನ್ನು ಹಾಗೆ ಒಪ್ಪಿಸುವುದೇ ಸರಿ. ಆದರೆ ಅಳತೆ ನೋಡುವುದು, ಸಡಿಲಿಸಿ ಹೊಂದಿಸುವುದು ಸಮಯ ಬೇಡುವ ಕೆಲಸವಾದ್ದರಿಂದ, ಸ್ವಂತ ಕಾರಿಗೆ ಆ ಸಮಯ ಕೊಡಲು ಒಡೆಯನಿಗಿಂತ ತಕ್ಕವರು ಕಡಿಮೆ. ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮಾತ್ರ ಯಾರೂ ಕಿತ್ತೆಸೆಯಬಾರದು. ರಸ್ತೆಗಿಳಿಯುವ ವಾಹನದಿಂದ ಅದನ್ನು ತೆಗೆಯುವುದು ಅನೇಕ ದೇಶಗಳಲ್ಲಿ ಅಪರಾಧ, ಮತ್ತು ಇಲ್ಲಿ ಹೇಳಿದ ಯಾವ ಕೆಲಸಕ್ಕೂ ಅದನ್ನು ಮುಟ್ಟಬೇಕಾಗಿಲ್ಲ.

ಬದಲಿ ಸೈಲೆನ್ಸರುಗಳ ಅನುಮೋದನೆಗೆಂದೇ ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 59ನೆಯ ನಿಯಮವಿದೆ. ಆದರೆ ಕೊಳ್ಳುವವನ ಕೈಗೆ ಫ್ಲೇಂಜಿನ ಅಳತೆ, ಹ್ಯಾಂಗರುಗಳ ನಡುವಿನ ದೂರ, ಕೊಳವೆಯ ಒಳ ಹೊರ ವ್ಯಾಸ ಇವುಗಳ ಚಿತ್ರವಿರುವ ಹಾಳೆ ಬರುವುದು ವಿರಳ. ತಯಾರಕರು ಆ ಹಾಳೆಯನ್ನು ಕೊಳ್ಳುವ ಮುನ್ನವೇ ಒದಗಿಸಬೇಕು. ಪತ್ರಿಕೆಯ ವಾಹನ ಪುಟವೂ ಯಾವುದೇ ಎಕ್ಸಾಸ್ಟನ್ನು ವಿಮರ್ಶಿಸುವಾಗ ಅದರ ಸದ್ದಿನ ವರ್ಣನೆಯ ಜೊತೆಗೆ, ಆ್ಯಕ್ಸಲಿಗೂ ಬಂಪರಿಗೂ ಎಷ್ಟು ಮಿಲಿಮೀಟರ್ ಅಂತರ ಉಳಿಯಿತು, ಎಲ್ಲಿ ಏನನ್ನು ತಿದ್ದಬೇಕಾಯಿತು ಎಂಬುದನ್ನು ಅಳೆದು ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ