ಸೂಪು ಉಳಿಸ್ಕೋ ಮಗಾ

ಪ್ರೀತಿಯ ಶಿವು,

ನಿನ್ನ ಮೆಸೇಜಿಗೆ ನಾಲ್ಕು ದಿನದಿಂದ ಉತ್ತರ ಕೊಟ್ಟಿಲ್ಲ, ಬೈಕೋಬೇಡ. "ಅಲ್ಲಿಗೆ ಬಂದರೆ ಊಟಕ್ಕೇನೋ ಗತಿ?" ಅಂತ ಕೇಳಿದ್ದೆಯಲ್ಲ, ಅದು ಒಂದು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ.

ಭಾನುವಾರ ಬೆಳಗ್ಗೆ ಏಳಕ್ಕೇ ನನ್ನನ್ನು ಎಬ್ಬಿಸಿಕೊಂಡು ಕಾಲು ಸೂಪು ಕುಡಿಯಲು ಹೋಗುತ್ತಿದ್ದವನು ನೀನು. ನಿನಗೆ ಹೇಳಿ ಮಾಡಿಸಿದ ಊರು ಕಣೋ ಜಪಾನಿನ ಈ ಫುಕುವೋಕಾ. ರೈಲು ಇಳಿಯುವ ಸ್ಟೇಷನ್ನಿನ ಹೆಸರು ಮಾತ್ರ ಹಕತಾ, ತಬ್ಬಿಬ್ಬಾಗಬೇಡ. ಇಲ್ಲಿನ ಊಟ ರಾಮೆನ್, ಅಂದರೆ ಸೂಪಿನಲ್ಲಿ ಹಾಕಿದ ಶಾವಿಗೆ. ಟೋಕಿಯೋದಲ್ಲಿ ಅದು ಸಾಮಾನ್ಯವಾಗಿ ಸೋಯಾ ಸಾಸಿನ ತಿಳಿ ಸೂಪು. ಉತ್ತರದ ಸಪ್ಪೊರೊದಲ್ಲಿ ಮಿಸೋ, ಅಂದರೆ ಹುಳಿ ಬರಿಸಿದ ಸೋಯಾ ಹಿಟ್ಟು, ಹಾಕಿದ್ದು. ಇಲ್ಲಿ ತೊನ್‌ಕೊತ್ಸು. ತೊನ್ ಅಂದರೆ ಹಂದಿ, ಕೊತ್ಸು ಅಂದರೆ ಮೂಳೆ. ಹೆಸರಿನಲ್ಲಿ ಮುಚ್ಚುಮರೆ ಏನೂ ಇಲ್ಲ. ಮಡಿಕೇರಿಗೆ ಹೋದಾಗಲೆಲ್ಲ ನೀನು ಹಂದಿ ತಿನ್ನುವುದು ನಿಮ್ಮಮ್ಮನಿಗೆ ಗೊತ್ತಿಲ್ಲ ಅಲ್ವಾ? ಈ ಪತ್ರ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಈಗ ಗೊತ್ತಾಗುತ್ತದೆ.

ಅಂಗಡಿ ಸಿಗುವ ಮೊದಲೇ ವಾಸನೆ ಸಿಗುತ್ತದೆ. ಹಬ್ಬದ ಮಾರನೇ ದಿನ ಹಿತ್ತಿಲಲ್ಲಿ ತಲೆ, ಕಾಲು ಬೇಯಿಸುವಾಗ ಬರುತ್ತದಲ್ಲ, ಸುಮಾರಾಗಿ ಅದೇ ವಾಸನೆ. ಮೊದಲ ದಿನ ನಾನು ಮೂಗು ಮುಚ್ಚಿಕೊಂಡು ರಸ್ತೆ ದಾಟಿದ್ದೆ. ಈಗ ಅದೇ ವಾಸನೆಗೆ ಬಾಯಲ್ಲಿ ನೀರು ಬರುತ್ತದೆ.

ಬಾಗಿಲಲ್ಲೇ ಒಂದು ಮೆಷಿನ್. ದರ್ಶಿನಿಯ ಟೋಕನ್ ಕೌಂಟರ್ ಇದ್ದ ಹಾಗೆ, ಆದರೆ ಒಳಗೆ ಮನುಷ್ಯ ಇಲ್ಲ. ದುಡ್ಡು ಹಾಕಿ ಬಟನ್ ಒತ್ತಿದರೆ ಚೀಟಿ ಬೀಳುತ್ತದೆ. ನನ್ನ 1000 ಯೆನ್ ನೋಟು ತೂರಿಸಿದೆ, ವಾಪಸ್ ಉಗುಳಿತು. ತಿರುಗಿಸಿ ಹಾಕಿದೆ, ಮತ್ತೆ ಉಗುಳಿತು. ಹಿಂದೆ ನಾಲ್ಕು ಜನ ಸಾಲಿನಲ್ಲಿ. ಜಪಾನಿನಲ್ಲಿ 2024ರ ಜುಲೈನಲ್ಲಿ ಹೊಸ ನೋಟು ಬಂತು, ಎಷ್ಟೋ ಸಣ್ಣ ಅಂಗಡಿಗಳ ಮೆಷಿನ್ನಿಗೆ ಅದರ ಗುರುತೇ ಸಿಗುವುದಿಲ್ಲ. ಹಿಂದಿದ್ದ ಮುದುಕರು ಒಂದೂ ಮಾತಾಡದೆ ತಮ್ಮ ಪರ್ಸಿನಿಂದ ಹಳೇ ನೋಟು ತೆಗೆದುಕೊಟ್ಟು ನನ್ನ ಹೊಸದನ್ನು ಇಸಿದುಕೊಂಡರು. ನಾನು ಬಗ್ಗಿದೆ, ಅವರೂ ಬಗ್ಗಿದರು. ಸಾಲು ಮುಂದೆ ಹೋಯಿತು.

ಒಳಗೆ ಎಂಟೇ ಸ್ಟೂಲು, ಎಲ್ಲವೂ ಒಲೆಗೆ ಎದುರಾಗಿ. ಆಳೆತ್ತರದ ಹಂಡೆಯಲ್ಲಿ ಮೂಳೆ ಕುದಿಯುತ್ತಿರುತ್ತದೆ, ಸುಮ್ನೆ ಅಲ್ಲ, ಕೊತಕೊತ ಅಂತ. ಗುಟ್ಟು ಇರುವುದು ಅಲ್ಲೇ. ಸಣ್ಣ ಉರಿಯಲ್ಲಿಟ್ಟರೆ ಸೂಪು ತಿಳಿಯಾಗಿರುತ್ತದೆ. ಗಂಟೆಗಟ್ಟಲೆ ಜೋರು ಉರಿಯಲ್ಲಿ ಕುದಿಸಿದರೆ ಮಜ್ಜೆ, ಕೊಬ್ಬು ಎಲ್ಲ ಒಡೆದು ನೀರಿಗೆ ಸೇರಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಈ ಬಿಳಿ ಸೂಪು ಹುಟ್ಟಿದ್ದು ಇಲ್ಲಿಂದ ದಕ್ಷಿಣಕ್ಕಿರುವ ಕುರುಮೆ ಊರಿನಲ್ಲಿ, 1947ರಲ್ಲಿ, ಒಲೆ ಮೇಲಿಟ್ಟ ಪಾತ್ರೆ ಮರೆತು ಜಾಸ್ತಿ ಕುದಿದು ಹೋಗಿದ್ದರಿಂದ ಅಂತ ಕಥೆ ಹೇಳುತ್ತಾರೆ. ನಮ್ಮ ಮನೇಲಿ ಮರೆತಿದ್ದರೆ ಬೈಗುಳ ಬಿಟ್ಟು ಬೇರೇನೂ ಹುಟ್ಟುತ್ತಿರಲಿಲ್ಲ.

ಚೀಟಿ ಕೊಟ್ಟ ಕೂಡಲೇ ಒಂದು ಪ್ರಶ್ನೆ ಬರುತ್ತದೆ: ಶಾವಿಗೆ ಎಷ್ಟು ಗಟ್ಟಿ ಇರಬೇಕು? "ಕತಾ" ಅಂದರೆ ಗಟ್ಟಿ. "ಬರಿಕತಾ" ಅಂದರೆ ಇನ್ನೂ ಗಟ್ಟಿ. "ಹರಿಗಾನೆ" ಅಂದರೆ ತಂತಿ, ಹೆಚ್ಚುಕಡಿಮೆ ಹಸಿಯೇ. ನೀನು ಕತಾ ಅನ್ನು, ಸಾಕು. ನಮ್ಮ ಒತ್ತು ಶಾವಿಗೆಯಷ್ಟೇ ಸಣ್ಣ ಎಳೆ, ಆದರೆ ಗೋಧಿಯದು. ನಿಮಿಷದೊಳಗೆ ಬೆಂದುಬಿಡುತ್ತದೆ. ಆಳು ಅದನ್ನು ಜಾಲರಿಯಿಂದ ಎತ್ತಿ ಪಟ್‌ಪಟ್ ಅಂತ ಎರಡು ಸಲ ಒದರುತ್ತಾನೆ. ಬಟ್ಟಲಿಗೆ ಬಿಟ್ಟು ಕಡ್ಡಿಯಿಂದ ಎಳೆ ನೇರ ಮಾಡುತ್ತಾನೆ, ತಲೆ ಬಾಚಿದ ಹಾಗೆ. ಮೇಲೆ ಎರಡು ತೆಳು ಹೋಳು ಮಾಂಸ, ಈರುಳ್ಳಿ ಸೊಪ್ಪು, ಕಪ್ಪು ಅಣಬೆ. ಸುಮಾರು 800 ಯೆನ್. ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಬೇಡ, ಗಂಟಲಲ್ಲಿ ಇಳಿಯುವುದಿಲ್ಲ.

ಈಗ ನನ್ನ ಮರ್ಯಾದೆ ಹೋದ ಕಥೆ ಕೇಳು. ಮೊದಲ ಗುಟುಕು ಕುಡಿದೆ. ಮೆಣಸಿಲ್ಲ, ಶುಂಠಿ ಬೆಳ್ಳುಳ್ಳಿ ಮಸಾಲೆ ಇಲ್ಲ. ಬರೀ ಮೂಳೆ, ಉಪ್ಪು. ಸಪ್ಪೆ ಅನ್ನಬೇಕು ಅನ್ನುವಷ್ಟರಲ್ಲಿ ತುಟಿಗೆ ತುಟಿ ಅಂಟಿತು. ಕಾಲು ಸೂಪು ಕುಡಿದ ಮೇಲೆ ಅಂಟುತ್ತದಲ್ಲ, ಅದೇ ಅಂಟು ಕಣೋ! ಆಮೇಲೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಬಟ್ಟಲು ಎರಡೂ ಕೈಯಲ್ಲೆತ್ತಿ ತಳ ಕಾಣುವ ತನಕ ಕುಡಿದೆ. ಪಕ್ಕದಲ್ಲಿ ಕೂತವನು "ಕಯೆದಾಮಾ" ಅಂತ ಕೂಗಿದ. ಅವನ ಬಟ್ಟಲಿಗೆ ಇನ್ನೊಂದು ಉಂಡೆ ಶಾವಿಗೆ ಬಂದು ಬಿತ್ತು. ನೂರು ಚಿಲ್ಲರೆ ಯೆನ್ ಅಷ್ಟೇ. ನಾನೂ ಕೂಗಿದೆ. ಆಳು ಜಾಲರಿ ಹಿಡಿದುಕೊಂಡು ಬಂದ, ನನ್ನ ಬಟ್ಟಲು ನೋಡಿದ, ನನ್ನ ಮುಖ ನೋಡಿದ. ಖಾಲಿ ಬಟ್ಟಲಿಗೆ ಬರೀ ಶಾವಿಗೆ ಹಾಕುವುದು ಹೇಗೆ? ಸಾರು ಕುಡಿದು ಮುಗಿಸಿ ಆಮೇಲೆ ಮುದ್ದೆ ಕೇಳಿದ ಹಾಗಾಯಿತು ನನ್ನ ಕಥೆ. ಆತ ನಗಲಿಲ್ಲ, ಅದೇ ಜಾಸ್ತಿ ನಾಚಿಕೆಯಾಗಿದ್ದು. ಒಂದು ಸೌಟು ಸೂಪು ಬಿಟ್ಟು ಶಾವಿಗೆ ಹಾಕಿ ಹೋದ.

ಈ ಪದ್ಧತಿ ಬಂದಿದ್ದು ನಾಗಹಾಮಾ ಮೀನು ಮಾರ್ಕೆಟ್ಟಿನ ಹತ್ತಿರದ ಅಂಗಡಿಗಳಿಂದ. ಅಲ್ಲಿ ದುಡಿಯುವವರಿಗೆ ಕಾಯಲು ಹೊತ್ತಿಲ್ಲ, ಅದಕ್ಕೆ ಬೇಗ ಬೇಯುವ ಸಣ್ಣ ಎಳೆ. ಸಣ್ಣ ಎಳೆ ಸೂಪಿನಲ್ಲಿ ಬೇಗ ಊದಿಕೊಳ್ಳುತ್ತದೆ, ಅದಕ್ಕೆ ಮೊದಲು ಸ್ವಲ್ಪ ಹಾಕಿ ಆಮೇಲೆ ಮತ್ತೆ ಹಾಕುವುದು. ಹಾಗಾಗಿ ಬಟ್ಟಲು ಬಂದ ಮೇಲೆ ಮಾತು ಬೇಡ. ನಿನ್ನ ಹಾಗೆ ಊಟದ ನಡುವೆ ರಾಜಕೀಯ ಮಾತಾಡಿದರೆ ಶಾವಿಗೆ ಅಂಟಾಗಿಬಿಡುತ್ತದೆ. ಸೊರ್ರ್ ಅಂತ ಎಳೆದುಕೊ, ಯಾರೂ ಬೈಯುವುದಿಲ್ಲ. ಮುಗಿದ ಕೂಡಲೇ ಏಳು, "ಗೊಚಿಸೋಸಾಮಾ" (ಊಟಕ್ಕೆ ಥ್ಯಾಂಕ್ಸ್ ಅಂತ) ಅನ್ನು, ಹೊರಡು. ಟಿಪ್ಸ್ ಇಡಬೇಡ, ಮರೆತು ಹೋದೆ ಅಂತ ಹಿಂದೆ ಓಡಿ ಬಂದು ಕೊಡುತ್ತಾರೆ. ಮೇಜಿನ ಮೇಲಿನ ಖಾರದ ಸಾಸಿವೆ ಸೊಪ್ಪಿನ ಉಪ್ಪಿನಕಾಯಿಯನ್ನು ಮೊದಲೇ ಸುರಿದುಕೊಳ್ಳಬೇಡ. ನಿನ್ನ ಕೈ ನನಗೆ ಗೊತ್ತು. ಎರಡನೇ ಉಂಡೆಗೆ ಹಾಕಿಕೋ.

ನಿನ್ನ ಜೊತೆ ಬರುವ ಸುಮಾ ಮಾಂಸ ಮುಟ್ಟುವುದಿಲ್ಲ ಅಲ್ವಾ, ಅವಳಿಗೆ ಮಾತ್ರ ಕಷ್ಟ. ಮೇಲೆ ಬರೀ ತರಕಾರಿ ಕಂಡರೂ ಕೆಳಗಿನ ಸೂಪು ಮೂಳೆಯದೋ ಒಣಮೀನಿನದೋ ಆಗಿರುತ್ತದೆ. ಟೋಕಿಯೋ ಸ್ಟೇಷನ್ನಿನ ಒಳಗೆ ಟೀಸ್ ತಾನ್‌ತಾನ್ ಅಂತ ಪೂರ್ತಿ ಸಸ್ಯಾಹಾರದ ರಾಮೆನ್ ಅಂಗಡಿ ಇದೆ. ಎಳ್ಳಿನ ಸೂಪು, ಖಾರವೂ ಇರುತ್ತದೆ. ಬರುವ ದಾರಿಯಲ್ಲಿ ಅಲ್ಲಿ ಇಳಿದು ತಿನ್ನಿಸಿಕೊಂಡು ಬಾ.

ಟಿಕೆಟ್ ಬುಕ್ ಆದ ದಿನ ಹೇಳು. ಮೆಷಿನ್ನಿಗೆ ಹಾಕಲು ಎರಡು ಹಳೇ ನೋಟು ನಿನಗೆ ಅಂತ ಎತ್ತಿಟ್ಟಿದ್ದೇನೆ.

ನಿನ್ನ,
ಮಹೇಶ