ಮೇ ತಿಂಗಳ ಸ್ಕೀಯಿಂಗ್: ಎತ್ತರ ಕೇಳಿ ಟಿಕೆಟ್ ತೆಗೆಯಿರಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾದಂತೆ ಪ್ರವಾಸ ಪುರವಣಿಗಳಲ್ಲಿ ಹಿಮದ ಚಿತ್ರಗಳು ಬರತೊಡಗುತ್ತವೆ. ಜೊತೆಗೊಂದು ಪಟ್ಟಿ: ಯಾವ ಸ್ಕೀ ರೆಸಾರ್ಟ್ ಯಾವ ತಾರೀಖಿನವರೆಗೆ ತೆರೆದಿರುತ್ತದೆ ಎಂದು. ಏಪ್ರಿಲ್–ಮೇನಲ್ಲಿ ಅಮೆರಿಕದ ಮಗನ ಮನೆಗೋ ಮಗಳ ಮನೆಗೋ ಹೋಗುವವರು ಆ ತಾರೀಖನ್ನೇ ನೆಚ್ಚಿ ಹೋಟೆಲ್ ಬುಕ್ ಮಾಡುತ್ತಾರೆ. ಹೋಗಿ ನೋಡಿದರೆ ಮೇಲೆ ಸ್ಕೀ ಮಾಡುವವರನ್ನು ತಂತಿಯಲ್ಲಿ ಬೆಟ್ಟ ಹತ್ತಿಸುವ ಲಿಫ್ಟ್ ಓಡುತ್ತಿರುತ್ತದೆ, ಹಿಮವೂ ಇರುತ್ತದೆ, ಹೊಸಬರು ಕಲಿಯುವ ಜಾಗದಲ್ಲಿ ಮಾತ್ರ ಹುಲ್ಲು ಎದ್ದಿರುತ್ತದೆ. ಆ ಪಟ್ಟಿ ಸುಳ್ಳು ಹೇಳಿರುವುದಿಲ್ಲ. ಹೊಸಬರ ಇಳಿಜಾರು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಹೇಳದೆ ಬಿಟ್ಟಿರುತ್ತದೆ, ಅಷ್ಟೇ.

ಮೂರು ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗುಲ್ಮಾರ್ಗ್‌ನ ಗೊಂಡೊಲಾ, ಅಂದರೆ ಕೇಬಲ್ ಕಾರು, ಎರಡನೇ ಹಂತದಲ್ಲಿ ಅಫರ್ವಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೆ ತಲುಪಿಸುತ್ತದೆ. ಮನಾಲಿ ಮೇಲಿನ ರೋಹ್ತಾಂಗ್ ಪಾಸ್ 3,978 ಮೀಟರ್. ಅಮೆರಿಕದ ಕೊಲರಾಡೊದಲ್ಲಿರುವ ಅರಾಪಹೋ ಬೇಸಿನ್ ಸ್ಕೀ ರೆಸಾರ್ಟಿನ ನೆತ್ತಿಯೂ ಹೆಚ್ಚುಕಡಿಮೆ ಅಷ್ಟೇ. ಆದರೂ ಗುಲ್ಮಾರ್ಗ್‌ನಲ್ಲಿ ಸೀಸನ್ ಏಪ್ರಿಲ್ ಆರಂಭದ ಹೊತ್ತಿಗೆ ಮುಗಿಯುತ್ತದೆ, ಅರಾಪಹೋದಲ್ಲಿ ಜೂನ್ ಆರಂಭದವರೆಗೂ ನಡೆಯುತ್ತದೆ. ಕೊಲರಾಡೊ ಇನ್ನಷ್ಟು ಉತ್ತರಕ್ಕಿದೆ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೆಟ್ಟದ ಬುಡದಲ್ಲಿದೆ. ಗುಲ್ಮಾರ್ಗ್‌ನಲ್ಲಿ ಹೊಸಬರು ಕಲಿಯುವ ಬಯಲು 2,650 ಮೀಟರ್‌ನಲ್ಲಿದ್ದರೆ, ಅರಾಪಹೋದಲ್ಲಿ ಲಿಫ್ಟ್ ಹತ್ತುವ ಜಾಗವೇ 3,286 ಮೀಟರ್‌ನಲ್ಲಿದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಂಪು. ಈ ಆರುನೂರು ಚಿಲ್ಲರೆ ಮೀಟರಿಗೆ ನಾಲ್ಕು ಡಿಗ್ರಿ. ಏಪ್ರಿಲ್ ರಾತ್ರಿಗಳಲ್ಲಿ ಹಿಮ ಮತ್ತೆ ಗಟ್ಟಿಯಾಗುತ್ತದೋ ಇಲ್ಲ ಕರಗುತ್ತಲೇ ಇರುತ್ತದೋ ಎಂಬುದನ್ನು ಆ ನಾಲ್ಕು ಡಿಗ್ರಿಯೇ ತೀರ್ಮಾನಿಸುತ್ತದೆ. ಅಫರ್ವಟ್ ಮೇಲೆ ಏಪ್ರಿಲ್‌ನಲ್ಲೂ ಹಿಮ ಇರುತ್ತದೆ, ನಿಜ. ಆದರೆ ಅದು ಯಂತ್ರದಿಂದ ಹದ ಮಾಡದ, ಹಿಮಕುಸಿತಕ್ಕೆ ಹೆಸರಾದ ಇಳಿಜಾರು. ಮೊದಲ ಸಲ ಸ್ಕೀ ಕಟ್ಟಿದವರು ಅಲ್ಲಿಗೆ ಹೋಗಬಾರದು. ಉತ್ತರಾಖಂಡದ ಔಲಿಯ ಇಳಿಜಾರು 2,500ರಿಂದ 3,050 ಮೀಟರ್, ಮಾರ್ಚ್‌ನಲ್ಲೇ ಮುಗಿಯುತ್ತದೆ. ಮೇನಲ್ಲಿ ರೋಹ್ತಾಂಗ್‌ನಲ್ಲಿ ಬಾಡಿಗೆ ಕೋಟು, ಗಂಬೂಟು ಹಾಕಿಕೊಂಡು ಹತ್ತು ಮಾರು ಜಾರುವುದನ್ನು ಸ್ಕೀಯಿಂಗ್ ಎಂದು ಕರೆಯುವುದು ಪ್ರವಾಸ ಏಜೆಂಟರ ಉದಾರತೆ.

ಅಮೆರಿಕದಲ್ಲಿ ದೊಡ್ಡ ಹೆಸರುಗಳನ್ನು ನಂಬಿಕೊಂಡರೆ ಮೋಸ ಹೋಗುತ್ತೀರಿ. ವೇಲ್, ಆಸ್ಪೆನ್ ಮುಂತಾದವು ಏಪ್ರಿಲ್ ಮಧ್ಯ ದಾಟುತ್ತಿದ್ದಂತೆ ಬಾಗಿಲು ಹಾಕತೊಡಗುತ್ತವೆ. ಹಿಮ ಮುಗಿದಿರುವುದಿಲ್ಲ, ಗಿರಾಕಿ ಮುಗಿದಿರುತ್ತಾರೆ. ಕೊನೆಯವರೆಗೆ ಉಳಿಯುವವು ಕೆಲವೇ. ಅರಾಪಹೋ ಬೇಸಿನ್ ಅವುಗಳಲ್ಲಿ ಮೊದಲನೆಯದು: 2019ರಲ್ಲಿ ಜುಲೈ 4ರವರೆಗೆ, 1995ರಲ್ಲಂತೂ ಆಗಸ್ಟ್ 10ರವರೆಗೆ ನಡೆದಿದೆ. ಇನ್ನೊಂದು ಕ್ಯಾಲಿಫೋರ್ನಿಯಾದ ಮ್ಯಾಮತ್ ಮೌಂಟನ್. ಅದರ ಬುಡದ ಲಿಫ್ಟ್ ತಾಣಗಳಲ್ಲಿ ಒಂದಾದ ಮೇನ್ ಲಾಡ್ಜ್ 2,743 ಮೀಟರ್‌ನಲ್ಲಿದೆ, ತುದಿ 3,369. ಅರಾಪಹೋಗಿಂತ ತಗ್ಗಿನಲ್ಲಿದ್ದೂ ಅದರಷ್ಟೇ ದಿನ ನಡೆಯುವುದಕ್ಕೆ ಕಾರಣ ಅಲ್ಲಿ ಬೀಳುವ ಹಿಮದ ತೂಕ. ಪೆಸಿಫಿಕ್ ಸಾಗರದಿಂದ ಬರುವ ಚಂಡಮಾರುತಗಳು ಒದ್ದೆಯಾದ, ದಟ್ಟವಾದ ಹಿಮ ಸುರಿಯುತ್ತವೆ. ಅಲ್ಲಿನವರು ಅದಕ್ಕೆ 'ಸಿಯೆರಾ ಸಿಮೆಂಟ್' ಅನ್ನುತ್ತಾರೆ. 2022–23ರ ಚಳಿಗಾಲದಲ್ಲಿ ಮೇನ್ ಲಾಡ್ಜ್‌ನಲ್ಲಿ 715 ಅಂಗುಲ, ಅಂದರೆ ಹದಿನೆಂಟು ಮೀಟರ್ ಬಿದ್ದು, ಲಿಫ್ಟ್‌ಗಳು ಆಗಸ್ಟ್ 6ರವರೆಗೆ ಓಡಿದವು. ಸಾಧಾರಣ ವರ್ಷದಲ್ಲಿ ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇವರೆಗೆ ಎಂದು ಲೆಕ್ಕ ಇಟ್ಟುಕೊಳ್ಳಿ. ತಗ್ಗಿನಲ್ಲಿರುವ ಇನ್ನೊಂದು ಲಿಫ್ಟ್ ತಾಣ ಈಗಲ್ ಲಾಡ್ಜ್ ಮೊದಲು ಮುಚ್ಚುತ್ತದೆ, ಕೊನೆಗೆ ಮೇನ್ ಲಾಡ್ಜ್ ಒಂದೇ ಉಳಿಯುತ್ತದೆ. ಮೇನಲ್ಲಿ ಈಗಲ್ ಲಾಡ್ಜ್ ಪಕ್ಕ ರೂಮು ಹಿಡಿದರೆ ದಿನಾ ಬೆಳಗ್ಗೆ ಮೇಲಕ್ಕೆ ಓಡಾಟ ತಪ್ಪಿದ್ದಲ್ಲ.

ಸ್ಯಾನ್ ಹೋಸೆ ಸುತ್ತಮುತ್ತಲ ಕನ್ನಡಿಗರು ಹೆಚ್ಚಾಗಿ ಎಡವುವುದು ಮ್ಯಾಮತ್‌ನ ದಾರಿಯಲ್ಲಿ. ನಕ್ಷೆಯಲ್ಲಿ ಯೊಸೆಮಿಟಿಯ ನಡುವೆ ಹಾಯುವ 120ನೇ ಹೆದ್ದಾರಿ ಹತ್ತಿರ ಕಾಣುತ್ತದೆ. ಆದರೆ ಅದರ ಟಯೋಗಾ ಪಾಸ್ ಚಳಿಗಾಲಕ್ಕೆ ಮುಚ್ಚಿದರೆ ಸಾಮಾನ್ಯವಾಗಿ ಮೇ ಕೊನೆಗೋ ಜೂನ್‌ಗೋ ತೆರೆಯುತ್ತದೆ. 2023ರಲ್ಲಿ ಜುಲೈ 22 ಆಯಿತು. ಹಿಮ ಚೆನ್ನಾಗಿ ಬಿದ್ದ ವರ್ಷವೇ ದಾರಿಯೂ ತಡ. ಟಾಹೋ ಸರೋವರದ ಕಡೆಯಿಂದ ಸುತ್ತಿ 395ನೇ ಹೆದ್ದಾರಿ ಹಿಡಿಯುವ ಲೆಕ್ಕದಲ್ಲೇ ಹೊರಡಿ.

ಹಿಮ ಯಾವ ವರ್ಷ ಎಷ್ಟು ದಿನ ಉಳಿಯುತ್ತದೆ ಎಂದು ಅಂದಾಜು ಮಾಡಲು ಏಪ್ರಿಲ್ 1ರ ಅಳತೆ ನೋಡಿದರೆ ಸಾಕು. ಕ್ಯಾಲಿಫೋರ್ನಿಯಾದ ಜಲಸಂಪನ್ಮೂಲ ಇಲಾಖೆ ಆ ಹೊತ್ತಿಗೆ ಹಿಮದಲ್ಲಿರುವ ನೀರಿನ ಪ್ರಮಾಣವನ್ನು ಪ್ರಕಟಿಸುತ್ತದೆ. 2015ರಲ್ಲಿ ಅದು ಸರಾಸರಿಯ ಶೇ 5 ಇತ್ತು, 2023ರಲ್ಲಿ ಶೇ 237. ಹೋದ ವರ್ಷದ ಮುಚ್ಚುವ ತಾರೀಖಿಗಿಂತ ಈ ಒಂದು ಅಂಕಿ ಹೆಚ್ಚು ಹೇಳುತ್ತದೆ.

ಉಳಿದವನ್ನು ಬೇಗ ಹೇಳಿಬಿಡಬಹುದು. ಆರೆಗಾನ್‌ನ ಮೌಂಟ್ ಹುಡ್ ಬೆಟ್ಟದ ಟಿಂಬರ್‌ಲೈನ್‌ನಲ್ಲಿ ಪಾಮರ್ ಲಿಫ್ಟ್ 2,603 ಮೀಟರ್‌ವರೆಗೆ ಹೋಗುತ್ತದೆ. ಅಲ್ಲಿ ಬೇಸಿಗೆಯಲ್ಲೂ ಸ್ಕೀಯಿಂಗ್ ಉಂಟು. ಹಿಮ ಮೆತ್ತಗಾದಾಗ ಮೇಲೆ ಉಪ್ಪು ಎರಚುತ್ತಾರೆ. ಉಪ್ಪು ಸ್ವಲ್ಪ ಹಿಮವನ್ನು ಕರಗಿಸುವಾಗ ಸುತ್ತಲಿನ ಶಾಖ ಹೀರುತ್ತದೆ, ಉಳಿದದ್ದು ಬಿಗಿಯುತ್ತದೆ. ಹಳೆ ಕಾಲದ ಕೈಯಂತ್ರದಲ್ಲಿ ಐಸ್‌ಕ್ರೀಮ್ ತಿರುವಿದವರಿಗೆ ಇದು ಗೊತ್ತು. ಅದು ರೇಸ್ ಅಭ್ಯಾಸ ಮಾಡುವವರ ಜಾಗ, ಹೊಸಬರದ್ದಲ್ಲ. ಯೂಟಾದ ಸ್ನೋಬರ್ಡ್ ರೆಸಾರ್ಟ್ ಬಹುಪಾಲು ವರ್ಷ ಮೇ ತಿಂಗಳಲ್ಲೂ ನಡೆಯುತ್ತದೆ, ಕೊನೆಕೊನೆಗೆ ವಾರಾಂತ್ಯ ಮಾತ್ರ. ಕೆನಡಾದ ಬ್ಯಾನ್ಫ್ ಬಳಿಯ ಸನ್‌ಶೈನ್, ಮೇ 25ಕ್ಕೆ ಮುಂಚಿನ ಸೋಮವಾರದ ವಿಕ್ಟೋರಿಯಾ ಡೇ ಸುಮಾರಿನವರೆಗೆ. ವರ್ಮಾಂಟ್‌ನ ಕಿಲ್ಲಿಂಗ್ಟನ್ ಒಂದು ವಿಚಿತ್ರ: ತುದಿ 1,300 ಮೀಟರ್ ಕೂಡ ಇಲ್ಲ, ಆದರೂ ಮೇವರೆಗೆ ಎಳೆಯುತ್ತದೆ. ಚಳಿಗಾಲದಲ್ಲೇ ಒಂದೇ ಇಳಿಜಾರಿನ ಮೇಲೆ ಯಂತ್ರದಿಂದ ಹಿಮ ಮಾಡಿ ಗುಡ್ಡೆ ಹಾಕುತ್ತಾರೆ. ಯಂತ್ರದ ಹಿಮ ದಟ್ಟ, ನಿಧಾನ ಕರಗುತ್ತದೆ. ಆದರೆ ಕೊನೆಗೆ ಉಳಿಯುವುದು ಆ ಒಂದೇ ಇಳಿಜಾರು, ಅದೂ ಕಡಿದಾದದ್ದು. ಯುರೋಪಿನಲ್ಲಿ ಹಿಮನದಿಯ ಮೇಲಿರುವ ಆಸ್ಟ್ರಿಯದ ಹಿಂಟರ್‌ಟುಕ್ಸ್, ಸ್ವಿಟ್ಜರ್ಲೆಂಡ್‌ನ ಝೆರ್ಮಾಟ್ ವರ್ಷವಿಡೀ ತೆರೆದಿರುತ್ತೇವೆ ಅನ್ನುತ್ತವೆ. 2022ರ ಜುಲೈ ಕೊನೆಗೆ ಬಿಸಿಲಿನ ಝಳಕ್ಕೆ ಝೆರ್ಮಾಟ್ ಕೂಡ ಬೇಸಿಗೆ ಸ್ಕೀಯಿಂಗ್ ನಿಲ್ಲಿಸಬೇಕಾಯಿತು.

ತಾರೀಖಿಗಿಂತ ಗಂಟೆ ಮುಖ್ಯ. ವಸಂತದ ಹಿಮ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ, ಹೀಗೆ ಹಲವು ಸುತ್ತು ಆದ ಮೇಲೆ ಅದರ ಹರಳು ದುಂಡಗಾಗಿ ಸಬ್ಬಕ್ಕಿ ಗಾತ್ರಕ್ಕೆ ಬರುತ್ತದೆ. ಅಮೆರಿಕನ್ನರು ಇದಕ್ಕೆ ಕಾರ್ನ್ ಸ್ನೋ ಅನ್ನುತ್ತಾರೆ. ನಮಗೆ ಸಬ್ಬಕ್ಕಿಯೇ ಸರಿ. ಬೆಳಗ್ಗೆ ಎಂಟಕ್ಕೆ ಈ ಸಬ್ಬಕ್ಕಿ ಒಂದಕ್ಕೊಂದು ಕಚ್ಚಿಕೊಂಡು ಗಾರೆ ನೆಲದಂತಿರುತ್ತದೆ. ಸ್ಕೀಯ ಅಂಚು ಹಿಡಿಯುವುದಿಲ್ಲ, ಕರಕರ ಸದ್ದು ಬೇರೆ. ಬಿಸಿಲು ತಾಗಿ ಮೇಲಿನ ಒಂದೆರಡು ಅಂಗುಲ ಸಡಿಲಗೊಂಡು, ಅಡಿಯಲ್ಲಿ ಇನ್ನೂ ಗಟ್ಟಿ ಇರುವಾಗ ಸಿಗುವ ಹದವೇ ಹದ: ಸದ್ದು ನಿಲ್ಲುತ್ತದೆ, ಸ್ಕೀ ಹೇಳಿದ ಕಡೆ ತಿರುಗುತ್ತದೆ. ಒಂದು ಇಳಿಜಾರಿನಲ್ಲಿ ಇದು ಒಂದು ಗಂಟೆ, ಹೆಚ್ಚೆಂದರೆ ಎರಡು. ಬೆಲ್ಲದ ಪಾಕದಂತೆಯೇ, ಮೀರಿದರೆ ಹಿಂದಕ್ಕೆ ಬರುವುದಿಲ್ಲ, ಆಮೇಲೆ ಗಂಜಿ. ಆದ್ದರಿಂದ ಬಿಸಿಲಿನ ಹಿಂದೆ ಹೋಗಬೇಕು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿನಿಂದ ಶುರುಮಾಡಿ ದಕ್ಷಿಣಕ್ಕೆ, ಅಲ್ಲಿಂದ ಪಶ್ಚಿಮಕ್ಕೆ.

ಇದೆಲ್ಲ ಹಿಂದಿನ ರಾತ್ರಿ ಹೆಪ್ಪುಗಟ್ಟಿದ್ದರೆ ಮಾತ್ರ. ಹವಾಮಾನ ವರದಿಯಲ್ಲಿ ಉಷ್ಣಾಂಶಕ್ಕಿಂತ ಮೊದಲು ಮೋಡ ನೋಡಿ. ಆಕಾಶ ನಿರ್ಮಲವಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟು, ಗಾಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಗಟ್ಟಿಯಾಗುತ್ತದೆ. ಮೋಡ ಕವಿದ ರಾತ್ರಿ ಕಂಬಳಿ ಹೊದಿಸಿದಂತೆ. ಮರುದಿನ ಬೆಳಗ್ಗೆಯಿಂದಲೇ ಗಂಜಿ. ಬೂಟು ಕಣಕಾಲಿನವರೆಗೆ ಇಳಿಯತೊಡಗಿತೆಂದರೆ ಅಂದಿನ ಆಟ ಮುಗಿಯಿತು. ಮಂಡಿ ತಿರುಚುವುದೂ, ಕಡಿದಾದ ಕಡೆ ಒದ್ದೆ ಹಿಮ ಕುಸಿಯುವುದೂ ಆ ಹೊತ್ತಿನಿಂದಲೇ.

ಮಧ್ಯಾಹ್ನ ಸ್ಕೀ ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದಂತೆ ನಿಂತು ಜನ ಮುಂದಕ್ಕೆ ಮುಗ್ಗರಿಸುವುದು ಕಾಣುತ್ತದೆ. ಕಾಲಿನ ತಪ್ಪಲ್ಲ. ಸ್ಕೀಯ ತಳದಡಿ ನೀರಿನ ಪದರ ನಿಂತು, ಎರಡು ಒದ್ದೆ ಗಾಜು ಅಂಟಿಕೊಂಡಂತೆ ಹಿಡಿದಿರುತ್ತದೆ. ಬಾಡಿಗೆ ಅಂಗಡಿಯಲ್ಲಿ ಬೆಚ್ಚಗಿನ ಹಿಮಕ್ಕೆಂದೇ ಇರುವ ವ್ಯಾಕ್ಸ್ ಹಚ್ಚಿಕೊಡಲು ಕೇಳಿ. ಸಾಮಾನ್ಯವಾಗಿ ಹಳದಿ ಬಣ್ಣದ್ದು. ಸ್ವಂತ ಸ್ಕೀ ಇದ್ದರೆ ಮೊದಲು ತಳದ ಧೂಳು, ಪೈನ್ ಅಂಟು ತೆಗೆದು, ಇಸ್ತ್ರಿಪೆಟ್ಟಿಗೆಯಿಂದ ವ್ಯಾಕ್ಸ್ ಕರಗಿಸಿ ಹರಡಿ, ಅರ್ಧ ಗಂಟೆ ಆರಲು ಬಿಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದ ಪೂರ್ತಿ ಹೆರೆದು, ಬ್ರಷ್ ಹೊಡೆಯಬೇಕು. ಹೆರೆಯದೆ ಬಿಟ್ಟರೆ ದಪ್ಪ ವ್ಯಾಕ್ಸ್‌ಗೇ ಕಸ ಮೆತ್ತಿ ಇನ್ನಷ್ಟು ಹಿಡಿಯುತ್ತದೆ. ಜೀನ್ಸ್ ಬೇಡ, ಹತ್ತು ನಿಮಿಷದಲ್ಲಿ ತೊಯ್ದು ಭಾರವಾಗುತ್ತದೆ. ದಪ್ಪ ಕೋಟಿಗಿಂತ ತೆಳು ಮಳೆಕೋಟು, ಎರಡನೇ ಜೊತೆ ಗ್ಲೌಸ್ ಮೇಲು. ಹಿಮ ಬಿಸಿಲನ್ನು ಕೆಳಗಿನಿಂದ ಮೇಲಕ್ಕೆ ಎರಚುವುದರಿಂದ ಸನ್‌ಸ್ಕ್ರೀನ್ ಗದ್ದದ ಅಡಿಗೂ ಮೂಗಿನ ಹೊಳ್ಳೆಯ ಅಂಚಿಗೂ ಬೇಕು.

ಬೆಂಗಳೂರಿನಿಂದ ಇಳಿದ ಮರುದಿನವೇ ಹಿರಿಯರನ್ನು ಅರಾಪಹೋಗೆ ಕರೆದೊಯ್ಯಬೇಡಿ. ಅಲ್ಲಿ ಕಾರಿನಿಂದ ಇಳಿಯುವ ಜಾಗವೇ ಬೆಂಗಳೂರಿಗಿಂತ 2,300 ಮೀಟರ್‌ಗೂ ಹೆಚ್ಚು ಮೇಲಿದೆ. ಒಂದೆರಡು ರಾತ್ರಿ 1,600 ಮೀಟರ್‌ನ ಡೆನ್ವರ್‌ನಲ್ಲಿ ಕಳೆದು ಹೋಗಲಿ. ತಲೆನೋವು, ವಾಂತಿ ಶುರುವಾದರೆ ಮಾತ್ರೆ ನುಂಗಿಸಿ ಕೂರಿಸದೆ ಕೆಳಗಿಳಿಸಿ.

ಹೊರಡುವ ಎರಡು ದಿನ ಮೊದಲು ರೆಸಾರ್ಟಿಗೆ ಫೋನ್ ಮಾಡಿ: ಹೊಸಬರ ಲಿಫ್ಟ್ ಓಡುತ್ತಿದೆಯೇ, ತರಬೇತುದಾರರು ಇನ್ನೂ ಇದ್ದಾರೆಯೇ, ಬಾಡಿಗೆ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ವಾರದ ಎಲ್ಲ ದಿನ ಇದೆಯೇ. ತಮ್ಮ ಪುರವಣಿಯ ಮುಂದಿನ ಪಟ್ಟಿಯಲ್ಲಿ ಮುಚ್ಚುವ ತಾರೀಖಿನ ಪಕ್ಕ ಹೊಸಬರ ಇಳಿಜಾರಿನ ಎತ್ತರವನ್ನೂ ಒಂದು ಕಾಲಮ್‌ನಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇವೆ.

ಇಂತಿ,
ಕೊಲರಾಡೊದ ಕನ್ನಡಿಗ ಓದುಗರು