ಸಚಿವರೇ, ಸತ್ತವರನ್ನು ಸರಿಯಾಗಿ ಎಣಿಸಿ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಕೋವಿಡ್ ಮುಗಿದ ಕಥೆ, ಈಗ್ಯಾಕೆ ಅದು ಅಂತ ನಿಮಗೆ ಅನಿಸಬಹುದು. ಸೋಂಕು ಇಲ್ಲದಾಗಲೇ ಇದನ್ನೆಲ್ಲ ಮಾತಾಡಿಕೊಳ್ಳಬೇಕು ಸರ್. ಬಂದು ವಕ್ಕರಿಸಿದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ದೇಶದ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಸರಿಯಾಗಿ ಎರಡು ವಾರಕ್ಕೆ ಪ್ರಧಾನಿ ರಾತ್ರಿ ಎಂಟಕ್ಕೆ ಟಿವಿಗೆ ಬಂದು, ಹನ್ನೆರಡರಿಂದ ದೇಶವೇ ಬಂದ್ ಎಂದರು. ಜನಕ್ಕೆ ಸಿಕ್ಕಿದ್ದು ನಾಲ್ಕು ಗಂಟೆ. ಹಿಂದಿನ ದಿನವಷ್ಟೇ ನ್ಯೂಜಿಲೆಂಡಿನ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಪೂರ್ತಿ ಲಾಕ್‌ಡೌನ್‌ಗೆ ತಮ್ಮ ಜನಕ್ಕೆ ಎರಡು ದಿನ ಕೊಟ್ಟಿದ್ದರು. ಅದು ಪುಟ್ಟ ದೇಶ, ಒಪ್ಪುತ್ತೇನೆ. ಆದರೆ ಊರು ಸೇರಬೇಕಾದ ಕೂಲಿಯವರು ಜಾಸ್ತಿ ಇರುವ ಕಡೆಗೇ ಜಾಸ್ತಿ ಹೊತ್ತು ಬೇಕಿತ್ತು, ಅಲ್ವಾ? ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರವೂ ಬಿಲ್ಡರ್‌ಗಳ ಜೊತೆ ಸಭೆ ಮಾಡಿ, ವಲಸೆ ಕಾರ್ಮಿಕರ ರೈಲು ನಿಲ್ಲಿಸಿತು. ಎಲ್ಲೆಡೆ ಛೀಮಾರಿ ಬಿದ್ದ ಮೇಲೆ ಎರಡೇ ದಿನದಲ್ಲಿ ನಿರ್ಧಾರ ವಾಪಸ್.

ಇವನ್ನು ಆತುರದ ತಪ್ಪು ಅನ್ನಬಹುದು. ಚಾಮರಾಜನಗರದ್ದು ಹಾಗಲ್ಲ. ಎರಡನೇ ಅಲೆ ಬರುತ್ತದೆ ಅಂತ ರಾಜ್ಯದ ತಾಂತ್ರಿಕ ಸಲಹಾ ಸಮಿತಿ 2020ರ ನವೆಂಬರ್‌ನಲ್ಲೇ ಎಚ್ಚರಿಸಿತ್ತು. 2021ರ ಮೇ 2ರ ರಾತ್ರಿ ಅಲ್ಲಿನ ಜಿಲ್ಲಾ ಆಸ್ಪತ್ರೆ ಮೈಸೂರಿನಿಂದ ಬರುವ ಆಕ್ಸಿಜನ್ ಸಿಲಿಂಡರ್‌ಗಳ ದಾರಿ ಕಾಯುತ್ತಿತ್ತು. ಬೇಕಾದಷ್ಟು ಬರಲಿಲ್ಲ. ಒಂದೇ ದಿನದೊಳಗೆ 24 ರೋಗಿಗಳು ಹೋದರು. ಸರ್ಕಾರ ಮಾತ್ರ, ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಎಂದಿತು. ಉಳಿದವರಿಗೆ ಬೇರೆ ಕಾಯಿಲೆ ಇತ್ತಂತೆ! ಎರಡು ಜಿಲ್ಲೆಗಳ ಅಧಿಕಾರಿಗಳು ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿದರು. ಕೊನೆಗೆ ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿಯೇ ಹೇಳಬೇಕಾಯಿತು, ಆಕ್ಸಿಜನ್ ಕೊರತೆಯಿಂದಲೇ ಜನ ಸತ್ತರು ಅಂತ. ಇಷ್ಟಾದರೂ ಜುಲೈನಲ್ಲಿ ರಾಜ್ಯಸಭೆಗೆ ಕೇಂದ್ರ ಕೊಟ್ಟ ಉತ್ತರ: ಆಕ್ಸಿಜನ್ ಕೊರತೆಯ ಸಾವು ಅಂತ ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ.

ಆಗ ಯಾವ ಪಕ್ಷದ ಸರ್ಕಾರ ಇತ್ತು ಅನ್ನೋದು ನನ್ನ ತಕರಾರಲ್ಲ. ಮೇಲಿನವರ ಬಾಯಲ್ಲಿ ‘ಮೂರು’ ಅಂತ ಬಂದ ಮೇಲೆ, ಕೆಳಗಿನ ಯಾವ ಡಾಕ್ಟರು ಧೈರ್ಯವಾಗಿ ನಾಲ್ಕನೆಯದನ್ನು ಬರೆಯುತ್ತಾರೆ? ಪಕ್ಕದ ಜಿಲ್ಲೆಯ ಆಸ್ಪತ್ರೆಯವರು ‘ನಮ್ಮಲ್ಲಿ ಸಿಲಿಂಡರ್ ಖಾಲಿಯಾಗ್ತಿದೆ’ ಅಂತ ಹೇಗೆ ಬಾಯಿ ಬಿಡುತ್ತಾರೆ? ಕೊರತೆಯನ್ನು ಒಪ್ಪಿಕೊಳ್ಳದ ಕಡೆಗೆ ಲಾರಿ ಬರುವುದಿಲ್ಲ. ಚಾಮರಾಜನಗರದ ಸಾವುಗಳಾದ ವಾರವೇ, ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಕ್ಸಿಜನ್ ಕೊಡಿ ಅಂತ ಕೇಂದ್ರಕ್ಕೆ ಹೇಳಲು ಹೈಕೋರ್ಟೇ ಬೇಕಾಯಿತು. ಅದಕ್ಕೆ ತಡೆ ಕೇಳಿ ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ತಡೆ ಸಿಗಲಿಲ್ಲ.

ಹಾಗಾಗಿ ನನ್ನದು ಸಣ್ಣ ಬೇಡಿಕೆ. ಪ್ರತಿ ಜಿಲ್ಲಾ ಆಸ್ಪತ್ರೆಯ ಬಾಗಿಲಲ್ಲಿ ಆಕ್ಸಿಜನ್ ಎಷ್ಟಿದೆ, ಎಷ್ಟು ಗಂಟೆಗೆ ಸಾಕು ಅಂತ ದಿನಾ ಬೋರ್ಡ್ ಬರೆಸಿ. ‘ಖಾಲಿ’ ಅಂತ ನಿಜ ಬರೆದವರಿಗೆ ನೋಟಿಸ್ ಕೊಡುವುದಿಲ್ಲ ಅಂತ ಲಿಖಿತವಾಗಿ ಹೇಳಿ. ತಜ್ಞರ ಸಮಿತಿ ವರದಿ ಕೊಟ್ಟ ವಾರದೊಳಗೆ ಜನರ ಮುಂದಿಡಿ, ಸುಮ್ನೆ ಫೈಲಿನಲ್ಲಿ ಇಡಬೇಡಿ. ಇದಕ್ಕೆ ಹೊಸ ಕಾನೂನೇನೂ ಬೇಡ, ನಿಮ್ಮ ಇಲಾಖೆಯ ಒಂದು ಸುತ್ತೋಲೆ ಸಾಕು. ಅದನ್ನು ಯಾವಾಗ ಹೊರಡಿಸುತ್ತೀರಿ ಅಂತ ತಿಳಿಸಿ.

ಇಂತಿ,
ಮೈಸೂರು ಸೀಮೆಯ ಒಬ್ಬ ಮತದಾರ